ನೆಟ್ ಹೋದರೂ ನೆಟ್‌ವರ್ಕ್ ಉಳಿದಿರುತ್ತದೆ

ರಸ್ತೆ ಅಗೆಯುವವರ ಕೈಯಲ್ಲಿ ಫೈಬರ್ ಕೇಬಲ್ ತುಂಡಾದರೆ ಸಾಕು, ಕಚೇರಿಯ ಕೌಂಟರಿನಿಂದ ಮಾತು ಕೇಳುತ್ತದೆ: “ನೆಟ್ ಇಲ್ಲ, ಪ್ರಿಂಟ್ ಬರಲ್ಲ, ನಾಳೆ ಬನ್ನಿ.” ಇದರಲ್ಲಿ ಮೊದಲ ಎರಡು ಪದ ನಿಜ. ಉಳಿದದ್ದಕ್ಕೆ ಹೆಚ್ಚಿನ ಸಲ ಆಧಾರವಿಲ್ಲ.

ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತಿರುವ ರೂಟರ್ ಎಂಬ ಡಬ್ಬಿಯೊಳಗೆ ಮೂರು ಕೆಲಸ ನಡೆಯುತ್ತಿರುತ್ತದೆ. ಒಳಗಿನ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚಿನದು ಒಂದು, ವೈಫೈ ಬಿತ್ತರಿಸುವುದು ಇನ್ನೊಂದು, ಹೊರಗಿನ ಇಂಟರ್ನೆಟ್‌ಗೆ ದಾರಿ ಮಾಡಿಕೊಡುವುದು ಮೂರನೆಯದು. ಹೊರಗೆ ಕೇಬಲ್ ಕಡಿದರೆ ನಿಲ್ಲುವುದು ಈ ಮೂರನೆಯದು ಮಾತ್ರ. ಕಂಪ್ಯೂಟರ್, ಪ್ರಿಂಟರ್ ಎರಡೂ ಅದೇ ಡಬ್ಬಿಗೆ ಸೇರಿಕೊಂಡಿದ್ದರೆ ಪ್ರಿಂಟ್ ಎಂದಿನಂತೆ ಬರಬೇಕು. ಪಕ್ಕದ ಮೇಜಿನ ಶೇರ್ಡ್ ಫೋಲ್ಡರ್ ತೆರೆಯಬೇಕು. ಸಿಸಿಟಿವಿ ರೆಕಾರ್ಡರ್ ಕೂಡ ಕಟ್ಟಡದೊಳಗಿನ ಪರದೆಗೆ ಚಿತ್ರ ಕಳಿಸುತ್ತಲೇ ಇರಬೇಕು.

ಹಾಗಾದರೆ ಮೊಬೈಲಿನಿಂದ ಪ್ರಿಂಟ್ ಕೊಟ್ಟಾಗ ಏಕೆ ಆಗುವುದಿಲ್ಲ? ತಪ್ಪು ಹಲವು ಸಲ ಫೋನಿನದು. ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದೊಡನೆ ಅದು ನಮ್ಮನ್ನು ಸರಿಯಾಗಿ ಕೇಳದೆ ಮೊಬೈಲ್ ಡೇಟಾಕ್ಕೆ ಹಾರಿಬಿಡುತ್ತದೆ. ಆಗ ಪ್ರಿಂಟರ್ ಕಣ್ಣೆದುರೇ ಇದ್ದರೂ ಫೋನಿನ ಪಾಲಿಗೆ ಕಾಣೆಯಾಗುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ ಒಮ್ಮೆ ನೋಡಿ. ಕಂಪನಿಯ ಸರ್ವರ್ ಮೂಲಕವೇ ಮಾತಾಡುವ ಕೆಲವು ಸ್ಮಾರ್ಟ್ ಬಲ್ಬು, ಪ್ಲಗ್ಗುಗಳ ಕಥೆ ಬೇರೆ. ಹಾಲ್‌ನಲ್ಲಿ ಕೂತು ಅದೇ ಹಾಲ್‌ನ ದೀಪ ಹಚ್ಚಲು ಅವುಗಳಿಗೆ ಇಂಟರ್ನೆಟ್ ಬೇಕು. ಇದು ನೆಟ್‌ವರ್ಕಿನ ಮಿತಿಯಲ್ಲ, ತಯಾರಕರು ಮಾಡಿಕೊಂಡ ಆಯ್ಕೆ. ನನ್ನ ಮಟ್ಟಿಗೆ ಕೆಟ್ಟ ಆಯ್ಕೆ.

“ಪಕ್ಕದಲ್ಲೇ ಕೂತಿದ್ದಾರೆ, ವಾಟ್ಸ್‌ಆ್ಯಪ್ ಮಾಡಿದರೆ ನೇರ ಹೋಗುತ್ತೆ”

ಹೋಗುವುದಿಲ್ಲ. ಮದುವೆ ಮನೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ಅಕ್ಕ ತಂಗಿಗೆ 100 ಎಂಬಿ ವಿಡಿಯೋ ಕಳಿಸಿದರೆ, ಅದು ಮೊದಲು ಕಂಪನಿಯ ಸರ್ವರ್‌ಗೆ ಏರಿ, ಅಲ್ಲಿಂದ ತಂಗಿಯ ಫೋನಿಗೆ ಇಳಿಯುತ್ತದೆ. ಇಬ್ಬರೂ ಒಂದೇ ವೈಫೈನಲ್ಲಿದ್ದರೆ ಆ ಸಂಪರ್ಕ ಅಷ್ಟೂ ಎಂಬಿಯನ್ನು ಎರಡು ಸಲ ಹೊರುತ್ತದೆ. ಕ್ವಿಕ್ ಶೇರ್, ಏರ್‌ಡ್ರಾಪ್ ಬಳಸಿದರೆ ಫೈಲು ಫೋನಿನಿಂದ ಫೋನಿಗೆ ನೇರವಾಗಿ ಹೋಗುತ್ತದೆ, ಡೇಟಾ ಖರ್ಚಾಗುವುದಿಲ್ಲ.

ಅದು ಬ್ಲೂಟೂತ್ ಕೆಲಸ ಎಂಬುದೂ ಅರೆಸತ್ಯ. ಹತ್ತಿರ ಯಾರಿದ್ದಾರೆಂದು ಗುರುತಿಸಲು ಬ್ಲೂಟೂತ್ ಬೇಕು. ದೊಡ್ಡ ಫೈಲನ್ನು ಹೊರುವುದು ಎರಡು ಫೋನ್‌ಗಳು ತಮ್ಮೊಳಗೇ ಕಟ್ಟಿಕೊಂಡ ವೈಫೈ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಸೇರಿದ್ದ ಶೇರ್‌ಇಟ್, ಕ್ಸೆಂಡರ್ ಮಾಡುತ್ತಿದ್ದುದೂ ಇದನ್ನೇ: ಒಂದು ಫೋನ್ ಹಾಟ್‌ಸ್ಪಾಟ್ ಆಗುತ್ತಿತ್ತು, ಇನ್ನೊಂದು ಅದಕ್ಕೆ ಸೇರಿಕೊಳ್ಳುತ್ತಿತ್ತು.

ಟಿವಿಗೆ ಕಾಸ್ಟ್ ಮಾಡುವಾಗ ಭ್ರಮೆ ತಿರುಗುಮುರುಗು. ಯೂಟ್ಯೂಬ್ ಹಾಡು ಫೋನಿನಿಂದ ಟಿವಿಗೆ ಹರಿಯುತ್ತಿದೆ ಅನ್ನಿಸುತ್ತದೆ. ಫೋನ್ ಹೇಳುವುದು ಯಾವ ಹಾಡು ಎಂಬುದನ್ನು ಮಾತ್ರ. ಟಿವಿ ತಾನೇ ಇಂಟರ್ನೆಟ್‌ನಿಂದ ಅದನ್ನು ಎಳೆದುಕೊಳ್ಳುತ್ತದೆ. ಆಮೇಲೆ ಫೋನ್ ಹಿಡಿದು ಮಾರುಕಟ್ಟೆಗೆ ಹೋದರೂ ಹಾಡು ನಿಲ್ಲುವುದಿಲ್ಲ.

“ಕಳಿಸಿದ ಫೈಲು ನೆಟ್‌ವರ್ಕಿನ ಎಲ್ಲರಿಗೂ ಮುಟ್ಟುತ್ತೆ”

ಒಂದು ಕಾಲಕ್ಕೆ ಇದು ಅಕ್ಷರಶಃ ನಿಜವಾಗಿತ್ತು. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್‌ನ ಕಲ್ಪನೆ ಮುಂದಿಟ್ಟರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿದರು. ಒಂದೇ ದಪ್ಪ ತಂತಿಗೆ ಎಲ್ಲ ಕಂಪ್ಯೂಟರ್‌ಗಳೂ ಅಂಟಿಕೊಂಡಿದ್ದವು. ಒಂದು ಮಾತಾಡಿದ್ದು ಎಲ್ಲಕ್ಕೂ ಕೇಳಿಸುತ್ತಿತ್ತು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಹಂಚಿಕೊಂಡ ಮಾಧ್ಯಮದ ಈ ಯೋಚನೆ ಬಂದದ್ದು ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ನೇತೃತ್ವದಲ್ಲಿ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಟ್ಟಿದ ಅಲೋಹಾನೆಟ್‌ನಿಂದ. ಜಗಲಿಯ ಹರಟೆಯಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಒಂದೊಂದು ಗಳಿಗೆ ಸುಮ್ಮನಿದ್ದು, ಮತ್ತೆ ಶುರುಮಾಡುತ್ತಾರಲ್ಲ? ಈಥರ್ನೆಟ್ ಕೂಡ ಡಿಕ್ಕಿಯಾದಾಗ ನಿಂತು, ಮೊದಲೇ ಗೊತ್ತುಮಾಡಿರದ ಸಣ್ಣ ಹೊತ್ತು ಕಾದು, ಮತ್ತೆ ಕಳಿಸುತ್ತಿತ್ತು. ಆ ಹೊತ್ತು ಪ್ರತಿ ಯಂತ್ರಕ್ಕೂ ಬೇರೆ ಬೇರೆ ಆಗಿರಬೇಕು, ಇಲ್ಲದಿದ್ದರೆ ಮತ್ತೆ ಡಿಕ್ಕಿ.

ಈಗಿನ ಸ್ವಿಚ್ ಹಾಗಲ್ಲ. ಫೈಲು ಇಡಿಯಾಗಿ ಹೋಗುವುದಿಲ್ಲ. ಸುಮಾರು 1500 ಬೈಟ್‌ಗಳ ತುಂಡುಗಳಾಗಿ ಹೋಗುತ್ತದೆ. 1 ಜಿಬಿ ಸಿನಿಮಾ ಎಂದರೆ ಹತ್ತಿರಹತ್ತಿರ 7 ಲಕ್ಷ ತುಂಡು. ಪ್ರತಿಯೊಂದರ ತಲೆಯ ಮೇಲೂ ಕಳಿಸಿದ ಮತ್ತು ತಲುಪಬೇಕಾದ ಯಂತ್ರಗಳ 48 ಬಿಟ್‌ನ ಮ್ಯಾಕ್ ವಿಳಾಸ ಇರುತ್ತದೆ. ಕಳಿಸಿದವರ ವಿಳಾಸ ನೋಡಿ ನೋಡಿಯೇ ಯಾರು ಯಾವ ಪೋರ್ಟಿನಲ್ಲಿದ್ದಾರೆ ಎಂಬುದನ್ನು ಸ್ವಿಚ್ ಕಲಿತುಬಿಡುತ್ತದೆ. ಆಮೇಲೆ ಆಯಾ ತುಂಡನ್ನು ಆಯಾ ಪೋರ್ಟಿಗೆ ಮಾತ್ರ ಬಿಡುತ್ತದೆ. ಎಲ್ಲರಿಗೂ ಕೂಗಿ ಹೇಳುವುದು ಗುರುತು ಸಿಗದಿದ್ದಾಗ, ಇಲ್ಲವೇ “ಈ ಐಪಿ ವಿಳಾಸ ಯಾರದು?” ಎಂದು ಕೇಳಬೇಕಾದಾಗ.

ವೈಫೈ ಮಾತ್ರ ಇನ್ನೂ ಹಳೆಯ ಈಥರ್ನೆಟ್‌ನ ಗಾಳಿ ರೂಪ. ಒಂದು ಚಾನೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರದೇ ಮಾತು. ಎರಡು ಲ್ಯಾಪ್‌ಟಾಪ್‌ಗಳು ಒಂದೇ ಚಾನೆಲ್‌ನಲ್ಲಿದ್ದು ಪರಸ್ಪರ ಫೈಲು ಕಳಿಸಿದರೆ ಪ್ರತಿ ತುಂಡೂ ಮೊದಲು ರೂಟರ್‌ಗೆ, ಅಲ್ಲಿಂದ ಮತ್ತೆ ಅದೇ ಗಾಳಿಗೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಒಂದನ್ನು ಕೇಬಲ್‌ಗೆ ಹಾಕಿದರೆ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ. ಮೂಲೆಯ ಕೋಣೆಯಲ್ಲಿ ಕೂತು ನಿಧಾನವಾಗಿ ಮಾತಾಡುವ ಹಳೆಯ ಫೋನೂ ಉಳಿದವರ ಸಮಯ ತಿನ್ನುತ್ತದೆ.

“ರೂಟರ್ ಡಬ್ಬಿಯ ಮೇಲೆ 1200 ಎಂದು ಬರೆದಿದೆ”

ಬರೆದಿದೆ, ಸುಳ್ಳಲ್ಲ, ಸಿಗುವುದೂ ಇಲ್ಲ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867 ಕೂಡಿಸಿ, ಮೇಲಕ್ಕೆ ದುಂಡಗೆ ಮಾಡಿದ ಸಂಖ್ಯೆ ಅದು. ಸಾಮಾನ್ಯವಾಗಿ ನಿಮ್ಮ ಫೋನ್ ಒಂದು ಹೊತ್ತಿಗೆ ಒಂದರಲ್ಲಿರುತ್ತದೆ. ಅದೂ ಮೆಗಾಬಿಟ್; ಕಾಪಿ ಆಗುವಾಗ ಪರದೆ ತೋರಿಸುವುದು ಮೆಗಾಬೈಟ್, ಎಂದರೆ ಎಂಟರಿಂದ ಭಾಗಿಸಿಕೊಳ್ಳಬೇಕು. ಇಂಥ ಅಗ್ಗದ ರೂಟರ್‌ಗಳಲ್ಲಿ ಎಷ್ಟೋ ಸಲ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದು. ಆಗ ಕೇಬಲ್ ಮೂಲಕ ಸೆಕೆಂಡಿಗೆ 11 ಎಂಬಿ ದಾಟುವುದು ಕಷ್ಟ.

ಪೋರ್ಟ್ ಗಿಗಾಬಿಟ್ ಆಗಿದ್ದೂ 100ಕ್ಕೇ ನಿಂತಿದ್ದರೆ ಕೇಬಲ್‌ನ ಕ್ಲಿಪ್ ನೋಡಿ. ಒಳಗೆ ನಾಲ್ಕು ಜೊತೆ, ಎಂದರೆ ಎಂಟು ಎಳೆಗಳಿರುತ್ತವೆ. 100 ಮೆಗಾಬಿಟ್‌ಗೆ ಎರಡು ಜೊತೆ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕ್ರಿಂಪ್ ಮಾಡುವಾಗ ಆ ಹೆಚ್ಚುವರಿ ಎರಡು ಜೊತೆಗಳ ಒಂದು ಎಳೆ ಕೈಕೊಟ್ಟರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತದೆ.

“ನನ್ನ ಐಪಿ 192.168ರಿಂದ ಶುರು, ಯಾರಿಗೂ ಹೇಳಬಾರದು”

ಹೇಳಿದರೆ ಏನೂ ಆಗದು. ಖಾಸಗಿ ಬಳಕೆಗೆಂದು 1996ರ ಮಾನದಂಡ ಮೀಸಲಿಟ್ಟ ವಿಳಾಸಗಳವು. ಲಕ್ಷಾಂತರ ಮನೆಗಳಲ್ಲಿ ಅದೇ ಸಂಖ್ಯೆ ಇದೆ. ಹೊರಗಿನವರಿಗೆ ಕಾಣುವುದು ರೂಟರ್ ಅಥವಾ ಇಂಟರ್ನೆಟ್ ಕೊಡುವ ಕಂಪನಿಯ ವಿಳಾಸ.

“ವೈಫೈಗೆ ಪಾಸ್‌ವರ್ಡ್ ಇದೆ, ಇನ್ನೇನು ಭಯ?”

ಪಾಸ್‌ವರ್ಡ್ ತಡೆಯುವುದು ಹೊರಗಿನವರನ್ನು. ಒಳಗೆ ಬಂದವರಿಗೆ ಶೇರ್ಡ್ ಫೋಲ್ಡರ್, ಪ್ರಿಂಟರ್, ಕ್ಯಾಮೆರಾದ ಲಾಗಿನ್ ಪುಟ ಎಲ್ಲಕ್ಕೂ ದಾರಿ ಸಿಗುತ್ತದೆ. ಬ್ಯಾಂಕ್ ಪುಟದಲ್ಲಿ ಬರೆದದ್ದು ಎಚ್‌ಟಿಟಿಪಿಎಸ್ ಗೂಢಲಿಪಿಯಲ್ಲಿ ಹೋಗುವುದರಿಂದ ಓದಲಾಗದು. ಆದರೆ ಗೂಢಲಿಪಿ ಇಲ್ಲದ ಮಾತುಕತೆಯನ್ನು, ಡಬ್ಲ್ಯುಪಿಎ-2 ವೈಫೈನಲ್ಲಿ, ಪಾಸ್‌ವರ್ಡ್ ಗೊತ್ತಿದ್ದು ಸಾಧನ ಸಂಪರ್ಕಕ್ಕೆ ಬರುವ ಕ್ಷಣವನ್ನು ಹಿಡಿದಿಟ್ಟವರು ಬಿಡಿಸಿ ನೋಡಬಲ್ಲರು. 2018ರಲ್ಲಿ ಬಂದ ಡಬ್ಲ್ಯುಪಿಎ-3 ಈ ಕಿಂಡಿ ಮುಚ್ಚಿತು. ಬಂದುಹೋಗುವವರಿಗೆ ಗೆಸ್ಟ್ ನೆಟ್‌ವರ್ಕ್ ತೆರೆದುಕೊಡುವುದು ಸರಳ ಉಪಾಯ: ಇಂಟರ್ನೆಟ್ ಸಿಗುತ್ತದೆ, ಮನೆಯೊಳಗಿನ ಸಾಧನಗಳು ಕಾಣುವುದಿಲ್ಲ. ಆಮೇಲೆ ನೆಂಟರು ಬಂದು “ನಿಮ್ಮ ಪ್ರಿಂಟರ್ ನನ್ನ ಫೋನಿನಲ್ಲಿ ಬರ್ತಾನೇ ಇಲ್ಲ” ಎಂದರೆ ರಿಪೇರಿಯವರಿಗೆ ಫೋನ್ ಮಾಡಬೇಡಿ. ಅದು ಹಾಗೇ ಇರಬೇಕು.