ಬಾಣಂತಿಯ ತಲೆನೋವೆಲ್ಲ ಥಂಡಿಯಲ್ಲ

‘ಹೆರಿಗೆ ಆಯ್ತಲ್ಲ, ಇನ್ನೇನು ಭಯ ಇಲ್ಲ ಬಿಡು’. ನಮ್ಮ ಕೊಕ್ಕನೂರಿನಲ್ಲಿ ಬಾಣಂತಿಯನ್ನು ನೋಡಲು ಬಂದವರು ಹೇಳುವ ಮಾತಿದು. ಆದರೆ ಬಿ.ಪಿ. ಈ ಮಾತು ಕೇಳುವುದಿಲ್ಲ. ಹೆರಿಗೆಯಾದ 3ರಿಂದ 6ನೇ ದಿನದ ನಡುವೆ ಅದು ಮತ್ತೆ ಏರುವುದುಂಟು. ಅಷ್ಟರಲ್ಲಿ ಬಾಣಂತಿ ಆಸ್ಪತ್ರೆಯಿಂದ ತವರಿಗೆ ಬಂದಿರುತ್ತಾಳೆ. ಎಲ್ಲರ ಕಣ್ಣು ಮಗುವಿನ ಮೇಲಿರುತ್ತದೆ.

20 ವಾರ ದಾಟಿದ ಗರ್ಭಿಣಿಯ ಬಿ.ಪಿ. 140/90 ಮುಟ್ಟಿದರೆ ಎಚ್ಚರ ಬೇಕು. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. 160/110 ತಲುಪಿದರೆ ತಡಮಾಡುವಂತಿಲ್ಲ. ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ನಮ್ಮಕ್ಕನಿಗೆ ಎಂಟು ತಿಂಗಳಲ್ಲೇ ಬಿ.ಪಿ. ಕಾಣಿಸಿತ್ತು. ಹೆರಿಗೆ ಸುಸೂತ್ರವಾಯಿತು. ಆರನೇ ದಿನ ಸಂಜೆ ತಲೆ ಸಿಡಿಯತೊಡಗಿತು. ಥಂಡಿ ಎಂದು ಅಜ್ಜಿ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದರು. ಮರುದಿನ ಬೆಳಿಗ್ಗೆ ಏಳನೇ ದಿನದ ಭೇಟಿಗೆ ಬಂದ ಆಶಾ ಕಾರ್ಯಕರ್ತೆ, ಮಗುವನ್ನು ತೂಗುವ ಮೊದಲು ಅಕ್ಕನ ಮುಖ ನೋಡಿ, ‘ಕಣ್ಣು ಸರಿ ಕಾಣ್ತೈತೇನವ್ವ?’ ಎಂದು ಕೇಳಿದರು. ಮಂಜು ಮಂಜು ಎಂದಳು ಅಕ್ಕ. ಹರಿಹರದ ಆಸ್ಪತ್ರೆಯಲ್ಲಿ ನೋಡಿದರೆ 170/112! ಅಜ್ಜಿಯ ಆರೈಕೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಮನೆಯಲ್ಲಿ ಬಿ.ಪಿ. ಮಷಿನ್ ಇರಲಿಲ್ಲ ಅಷ್ಟೆ.

ಅಲ್ಲಿ ಕೊಟ್ಟದ್ದು ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್. ಪ್ರಿಎಕ್ಲಾಂಪ್ಸಿಯಾದಲ್ಲಿ ಫಿಟ್ಸ್ ಬರುವ ಅಪಾಯವನ್ನು ಇದು ಅರ್ಧಕ್ಕಿಳಿಸುತ್ತದೆ ಎಂದು ಹಲವು ದೇಶಗಳಲ್ಲಿ ನಡೆದ ಅಧ್ಯಯನ 2002ರಲ್ಲೇ ತೋರಿಸಿದೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಬಿ.ಪಿ. ಮಾತ್ರೆಗಳೂ ಇವೆ. ಮಗುವಿಗೆ ತೊಂದರೆಯಾದೀತೆಂದು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಬಸುರಿಯ ಕಾಲು ಬಾವು ಸಾಮಾನ್ಯ. ಮುಖ, ಕೈ ದಿಢೀರನೆ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದ್ದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಬೇಕು. ಫಿಟ್ಸ್ ಬಂದಾಗ ‘ಗಾಳಿ ಸೋಕಿದೆ’ ಎಂದು ತಾಯತ ಹುಡುಕುತ್ತಾ ಕೂರುವ ಹೊತ್ತಲ್ಲ ಅದು.

ಮನೆಯ ಹುಡುಗರೇ, ಬಾಣಂತನ ಹೆಂಗಸರ ವಿಷಯ ಎಂದು ದೂರ ನಿಲ್ಲಬೇಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಕ್ಕನನ್ನೋ ಅತ್ತಿಗೆಯನ್ನೋ ಕರೆದೊಯ್ಯಿರಿ. ತಾಯಿ ಕಾರ್ಡ್‌ನಲ್ಲಿ ಬಿ.ಪಿ. ಎಷ್ಟು ಬರೆದಿದ್ದಾರೆ ಎಂದು ಓದಿ. ಹೆರಿಗೆಯ ನಂತರದ ಮೊದಲ ವಾರದಲ್ಲಿ ಒಮ್ಮೆಯಾದರೂ ಬಿ.ಪಿ. ನೋಡಿಸಿ. ಮುಂದೆಯೂ ವರ್ಷಕ್ಕೊಮ್ಮೆ ನೋಡಿಸುತ್ತಿರಿ, ಏಕೆಂದರೆ ಇಂಥ ತಾಯಂದಿರಿಗೆ ಹೃದಯದ ಕಾಯಿಲೆಯ ಅಪಾಯ ಉಳಿದವರಿಗಿಂತ ಹೆಚ್ಚು. ತೊಟ್ಟಿಲಿನತ್ತ ನೋಡುವ ಕಣ್ಣು ಪಕ್ಕದ ಮಂಚದ ಮೇಲೂ ಇರಲಿ.