ಹೆಗ್ಗಹಿ: ಒಣದ್ರಾಕ್ಷಿಯ ವೈನಿಗೊಂದು ಕನ್ನಡದ ಹೆಸರು

ಮಳೆ ಕಡಿಮೆಯಾದ ಸೀಮೆಯವರಿಗೆ ಒಣಗಿಸುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರುತ್ತಲೇ ಮಡಕಶಿರ, ರೊಳ್ಳ, ಅಗಳಿ, ಅಮರಾಪುರಗಳ ಕಡೆ ಮಾಳಿಗೆಗಳ ಮೇಲೆ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಗಳು ಹರಡಿಕೊಳ್ಳುತ್ತವೆ. ಅಂಗಳದಲ್ಲಿ ಬೀಜ ಬಿಡಿಸಿದ ಹುಣಸೆಹಣ್ಣು ಬಿಸಿಲು ಕಾಯುತ್ತದೆ. ಕೆಡುವ ವಸ್ತುವನ್ನು ಕೆಡದಂತೆ ಉಳಿಸಿಕೊಳ್ಳುವುದು ಈ ಕೆಲಸದ ಮೊದಲ ಉದ್ದೇಶ. ಆದರೆ ಇದರಿಂದ ಒದಗುವ ಎರಡನೆಯ ಲಾಭವೂ ಒಂದುಂಟು. ಒಣಗಿದ ವಸ್ತುವಿನ ರುಚಿ ಹಸಿಯದರ ರುಚಿಯಲ್ಲ. ನೀರು ಹೊರಟುಹೋದ ಮೇಲೆ ಉಳಿದದ್ದು ಗಟ್ಟಿಯಾಗುತ್ತದೆ, ಮಾಗುತ್ತದೆ, ಕೆಲವೊಮ್ಮೆ ಬೇರೆಯದೇ ಆಗಿಬಿಡುತ್ತದೆ.

ಇದೇ ವಿದ್ಯೆಯನ್ನು ದ್ರಾಕ್ಷಿಯ ಮೇಲೆ ನಡೆಸಿ, ಅದರಿಂದ ಜಗತ್ತಿನ ಅತಿ ಗಾಢವಾದ ಕೆಂಪು ವೈನುಗಳಲ್ಲೊಂದನ್ನು ತಯಾರಿಸುವ ಹಳ್ಳಿಗಳು ಉತ್ತರ ಇಟಲಿಯಲ್ಲಿವೆ. ವೆರೋನಾ ನಗರದ ಸಮೀಪದ ಆ ಬೆಟ್ಟದ ಸೀಮೆಯ ಹೆಸರು ವಲ್ಪೊಲಿಚೆಲ್ಲ. ವೈನಿನ ಹೆಸರು ಅಮರೋನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ಓದುಗರು ಕೇಳಬಹುದು. ಕುಡಿಯಲು ಕರೆಯುವುದು ಈ ಲೇಖನದ ಉದ್ದೇಶವಲ್ಲ. ದೂರದೇಶದ ಒಂದು ರುಚಿಯನ್ನು ಕನ್ನಡದಲ್ಲಿ ಚೆನ್ನಾಗಿ ಹೇಳಲು ಬರುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಉದ್ದೇಶ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಗಡಿಯಾಚೆಯ ಮನೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಏಳುತ್ತಲೇ ಇರುತ್ತದೆ: ಹೊರಗಿನ ಲೋಕದ ಸಂಗತಿಗಳಿಗೆ ನಮ್ಮ ಮಾತು ಸಾಕಾದೀತೇ?

ಬಿದಿರ ತಟ್ಟಿಯ ಮೇಲೆ ನೂರು ದಿನ

ವಲ್ಪೊಲಿಚೆಲ್ಲದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ದ್ರಾಕ್ಷಿ ಕೊಯ್ಲು. ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾ ಎಂಬವು ಅಲ್ಲಿನ ಮುಖ್ಯ ತಳಿಗಳು. ಅಮರೋನೆಗೆಂದು ಆರಿಸಿದ ಗೊಂಚಲುಗಳನ್ನು ಕೂಡಲೇ ಹಿಂಡುವುದಿಲ್ಲ. ಗಾಳಿಯಾಡುವ ಅಟ್ಟಗಳಲ್ಲಿ, ಬಿದಿರ ತಟ್ಟಿಗಳ ಮೇಲೋ ತೆರೆದ ಪೆಟ್ಟಿಗೆಗಳಲ್ಲೋ, ಒಂದರ ಮೇಲೊಂದು ಬೀಳದಂತೆ ಹರಡಿಡುತ್ತಾರೆ. ಹಿಂದಿನ ಕಾಲದಲ್ಲಿ ಆ ಸೀಮೆಯವರು ಇಂಥ ತಟ್ಟಿಗಳ ಮೇಲೆಯೇ ರೇಷ್ಮೆಹುಳುಗಳನ್ನೂ ಸಾಕುತ್ತಿದ್ದರು. ಹಿಪ್ಪುನೇರಳೆ ಬೆಳೆದು ಹಿಂದೂಪುರದ ಮಾರುಕಟ್ಟೆಗೆ ಗೂಡು ಒಯ್ಯುವ ನಮ್ಮ ರೈತರಿಗೆ ಆ ಅಟ್ಟದ ಚಿತ್ರ ಕಣ್ಣಿಗೆ ಕಟ್ಟುವಂತಿರುತ್ತದೆ.

ಅಲ್ಲಿನ ಒಣಗಿಸುವಿಕೆ ನಮ್ಮ ಮಾಳಿಗೆಯ ಬಿಸಿಲಿನಂಥದಲ್ಲ. ನೆರಳಿನಲ್ಲಿ, ಚಳಿಗಾಲದ ತಣ್ಣನೆಯ ಗಾಳಿಯಲ್ಲಿ ಮೂರು ನಾಲ್ಕು ತಿಂಗಳು ನಡೆಯುತ್ತದೆ. ಮಂಜು ಕವಿದು ತೇವ ಹೆಚ್ಚಾದರೆ ಗೊಂಚಲಿಗೆ ಬೂಷ್ಟು ಹಿಡಿದು ವರ್ಷದ ಶ್ರಮ ಮಣ್ಣುಪಾಲಾಗುತ್ತದೆ. ಆದುದರಿಂದ ದಿನವೂ ನೋಡಿ ಕೆಟ್ಟ ಹಣ್ಣನ್ನು ಆರಿಸಿ ತೆಗೆಯಬೇಕು. ಈ ಅವಧಿಯಲ್ಲಿ ದ್ರಾಕ್ಷಿಯ ತೂಕದಲ್ಲಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಗಾಳಿಗೆ ಹೋಗುತ್ತದೆ.

ಇಲ್ಲೊಂದು ಪುಟ್ಟ ಲೆಕ್ಕವನ್ನು ಮಕ್ಕಳೇ ಮಾಡಬಹುದು. ನೂರು ಕಿಲೋ ದ್ರಾಕ್ಷಿಯಲ್ಲಿ ಇಪ್ಪತ್ತು ಕಿಲೋ ಸಕ್ಕರೆ ಇದೆಯೆಂದುಕೊಳ್ಳೋಣ. 35 ಕಿಲೋ ನೀರು ಆರಿಹೋದರೆ ಉಳಿಯುವ ಹಣ್ಣು 65 ಕಿಲೋ. ಸಕ್ಕರೆ ಮಾತ್ರ ಅದೇ 20 ಕಿಲೋ. ಎಂದರೆ ನೂರಕ್ಕೆ 20 ಇದ್ದ ಸಿಹಿ ನೂರಕ್ಕೆ ಸುಮಾರು 31 ಆಯಿತು. ಒಣಗುವಾಗಲೂ ಹಣ್ಣು ಉಸಿರಾಡುತ್ತ ಸ್ವಲ್ಪ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ನಿಜವಾದ ಅಂಕಿ ತುಸು ಕಡಿಮೆಯಿರುತ್ತದೆ. ಹಿಂಡಿದ ರಸದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಈ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಮದ್ಯಸಾರ ನೂರಕ್ಕೆ ಒಂದರಷ್ಟು ಏರುತ್ತದೆ. ಸಾಮಾನ್ಯ ಕೆಂಪು ವೈನಿನಲ್ಲಿ ಅದು ನೂರಕ್ಕೆ 12-13ರ ಆಸುಪಾಸಿನಲ್ಲಿದ್ದರೆ, ಅಮರೋನೆಯಲ್ಲಿ ಕನಿಷ್ಠ 14 ಇರಬೇಕೆಂಬ ನಿಯಮವುಂಟು. 15, 16ನ್ನು ಮುಟ್ಟುವುದೂ ಸಾಮಾನ್ಯ. ಅನಂತರ ಅದನ್ನು ಎರಡು ವರ್ಷವಾದರೂ ಮಾಗಲು ಬಿಡಬೇಕು.

ಹಳ್ಳಿಯ ಮಾತು ಹೆಸರಾದ ಬಗೆ

ಈ ಪದ್ಧತಿ ಬಹು ಹಳೆಯದು. ಆರನೆಯ ಶತಮಾನದಲ್ಲಿ ಓಸ್ಟ್ರೊಗಾತ್ ಅರಸರ ಮಂತ್ರಿಯಾಗಿದ್ದ ಕಸ್ಸಿಯೊಡೋರಸನು ಅರಮನೆಯ ಊಟಕ್ಕೆಂದು ವೆರೋನಾದ ಕಡೆಯ ಇಂಥದೊಂದು ಪಾನೀಯವನ್ನು ತರಿಸಲು ಪತ್ರ ಬರೆದು, ಗೊಂಚಲುಗಳನ್ನು ತೂಗುಹಾಕಿ ಚಳಿಗಾಲದವರೆಗೆ ಇರಿಸುವ ಕ್ರಮವನ್ನು ಅದರಲ್ಲಿ ವರ್ಣಿಸಿದ್ದಾನೆ. ಅದಕ್ಕೂ ಸಾವಿರಕ್ಕೂ ಮಿಗಿಲಾದ ವರ್ಷಗಳ ಹಿಂದೆ ಗ್ರೀಕ್ ಕವಿ ಹೆಸಿಯೊಡ್ ರೈತರಿಗೆ ಬುದ್ಧಿ ಹೇಳುತ್ತ, ದ್ರಾಕ್ಷಿಯನ್ನು ಹತ್ತು ದಿನ ಬಿಸಿಲಿನಲ್ಲಿಯೂ ಐದು ದಿನ ನೆರಳಿನಲ್ಲಿಯೂ ಇಟ್ಟು ಆಮೇಲೆ ರಸ ತೆಗೆಯಬೇಕೆಂದಿದ್ದಾನೆ.

ಬಹುಕಾಲ ವಲ್ಪೊಲಿಚೆಲ್ಲದವರು ಮಾಡುತ್ತಿದ್ದುದು ಸಿಹಿಯಾದ ವೈನನ್ನು. ಅದರ ಹೆಸರು ರೆಚೋತೊ. ವೆರೋನಾದ ಆಡುನುಡಿಯಲ್ಲಿ ಕಿವಿಗೆ ರೇಚ ಎನ್ನುತ್ತಾರೆ. ಗೊಂಚಲಿನ ಮೇಲ್ಭಾಗದಲ್ಲಿ ಎರಡು ಕಡೆಗೂ ಚಾಚಿದ, ಬಿಸಿಲು ಹೆಚ್ಚು ಬಿದ್ದ ಭಾಗಗಳು ಕಿವಿಗಳಂತೆ ಕಾಣುವುದರಿಂದ ಆ ಹೆಸರು. ರೆಚೋತೊ ಮಾಡುವಾಗ ಸಕ್ಕರೆಯಲ್ಲಿ ಒಂದು ಪಾಲು ಉಳಿದಿರುವಂತೆಯೇ ಹುದುಗುವಿಕೆ ನಿಲ್ಲಬೇಕು. 1936ರಲ್ಲಿ ನೆಗ್ರಾರ್ ಎಂಬ ಊರಿನ ಸಹಕಾರಿ ಸಂಘದ ನೆಲಮಾಳಿಗೆಯಲ್ಲಿ ಒಂದು ಪೀಪಾಯಿ ಮರೆತುಹೋಗಿ, ಸಕ್ಕರೆಯೆಲ್ಲ ಕರಗಿ, ಸಿಹಿಯಾಗಬೇಕಾದದ್ದು ಕಹಿಯಾಗಿತ್ತಂತೆ. ನೆಲಮಾಳಿಗೆಯ ಮುಖ್ಯಸ್ಥ ಅದೆಲಿನೊ ಲುಕೇಸೆ ಅದನ್ನು ಸವಿದು, ಇದು ಬರಿಯ ಕಹಿಯಲ್ಲ, ದೊಡ್ಡ ಕಹಿ ಎಂದು ಉದ್ಗರಿಸಿದನೆಂಬುದು ಅಲ್ಲಿನ ಪ್ರತೀತಿ. ಇಟಾಲಿಯನ್ ಭಾಷೆಯಲ್ಲಿ ಅಮಾರೊ ಎಂದರೆ ಕಹಿ. ಅದಕ್ಕೆ ಹಿರಿತನವನ್ನು ಸೂಚಿಸುವ ಪ್ರತ್ಯಯ ಸೇರಿ ಅಮರೋನೆ. 1968ರಲ್ಲಿ ವಲ್ಪೊಲಿಚೆಲ್ಲದ ವೈನುಗಳಿಗೆ ಇಟಲಿಯ ಸರಕಾರದ ಪ್ರದೇಶಮುದ್ರೆ ದೊರೆಯಿತು; 2010ರಲ್ಲಿ ಅಮರೋನೆಗೆ ಅದರ ಅತ್ಯುನ್ನತ ದರ್ಜೆ ಸಂದಿತು.

ಈ ಹೆಸರನ್ನು ಕನ್ನಡಿಸುವುದು ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿಗೂ ಕಷ್ಟವಲ್ಲ. ಹಿರಿದು ಮತ್ತು ಮರ ಸೇರಿ ಹೆಮ್ಮರ. ಹಿರಿದು ಮತ್ತು ಬಾಗಿಲು ಸೇರಿ ಹೆಬ್ಬಾಗಿಲು. ಹಿರಿದು ಮತ್ತು ಕೆರೆ ಸೇರಿ ಹೆಗ್ಗೆರೆ. ಅದೇ ದಾರಿಯಲ್ಲಿ ಹಿರಿದು ಮತ್ತು ಕಹಿ ಸೇರಿದರೆ ಹೆಗ್ಗಹಿ. ಇಟಲಿಯವರು ಮಾಡಿದ್ದೂ ಇಷ್ಟನ್ನೇ. ಕಿವಿ, ಕಹಿ ಎಂಬ ಮನೆಮಾತುಗಳನ್ನು ಅವರು ಅಳುಕದೆ ಸೀಸೆಯ ಮೇಲೆ ಅಚ್ಚುಹಾಕಿಸಿದರು. ಜಗತ್ತು ಅವನ್ನೇ ಉಚ್ಚರಿಸಲು ಕಲಿಯಿತು.

ನಮ್ಮ ಕಡೆಯ ಒಣದ್ರಾಕ್ಷಿ

ದ್ರಾಕ್ಷಿಯನ್ನು ಒಣಗಿಸುವ ಕೆಲಸ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ವಿಜಯಪುರ ಜಿಲ್ಲೆಯಲ್ಲಿ, ತಿಕೋಟಾ, ಬಬಲೇಶ್ವರಗಳ ಸುತ್ತ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಹೊಲದಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ತುಂಬಿರುತ್ತವೆ. ಅಲ್ಲಿ ಬೀಜವಿಲ್ಲದ ಹಸಿರು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಗೊಂಡು ಒಳಗಿನ ನೀರು ಬೇಗ ಆರಲು ಇದರಿಂದ ಅನುಕೂಲ. ಅನಂತರ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ, ನೆರಳಿನಲ್ಲಿ, ಹದಿನೈದು ದಿನಗಳ ಆಸುಪಾಸು ಹರಡಿಡುತ್ತಾರೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಬಂದರೆ ಲೆಕ್ಕ ಸರಿಹೋಯಿತು. ಇಟಲಿಯವರು ಅರ್ಧದಾರಿಯಲ್ಲಿ ನಿಲ್ಲಿಸುವ ಕೆಲಸವನ್ನು ನಮ್ಮವರು ಕೊನೆಯವರೆಗೆ ಒಯ್ಯುತ್ತಾರೆ, ಅಷ್ಟೇ ವ್ಯತ್ಯಾಸ.

ಇಲ್ಲಿಯೂ ಆಕಾಶದ ಭಯ ತಪ್ಪಿದ್ದಲ್ಲ. ಮಾರ್ಚಿಯಲ್ಲೊಂದು ಅಕಾಲದ ಮಳೆ ಸುರಿದರೆ ಕಾಳು ಕಪ್ಪಾಗಿ ಬೆಲೆ ಕುಸಿಯುತ್ತದೆ. ಆದರೂ ರೈತರು ಒಣಗಿಸುವುದೇಕೆಂದರೆ, ಹಸಿ ದ್ರಾಕ್ಷಿ ಕಾಯುವುದಿಲ್ಲ, ಒಣದ್ರಾಕ್ಷಿ ಕಾಯುತ್ತದೆ. ಕೊಯ್ದ ಹಣ್ಣಿಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಶೀತಲಗೃಹದಲ್ಲಿಟ್ಟ ಒಣದ್ರಾಕ್ಷಿಯ ಮಾಲೀಕನಿಗೆ ಒಂದೆರಡು ತಿಂಗಳು ಬೇಡವೆನ್ನುವ ಧೈರ್ಯವಿರುತ್ತದೆ. ಸಾಂಗಲಿ, ತಾಸಗಾಂವಗಳ ಪೇಟೆಗೆ ಗಡಿ ದಾಟಿ ಮಾಲು ಒಯ್ಯುವ ವಿಜಯಪುರದ ರೈತನ ಪಾಡನ್ನು ಗಡಿಯ ಮೇಲಿನ ನಾವು ಬಲ್ಲೆವು.

ಒಣದ್ರಾಕ್ಷಿಯನ್ನು ಹುದುಗಿಸುವ ಪದ್ಧತಿಯೂ ನಮ್ಮಲ್ಲಿ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಿಯ ರಸದ ಪಾನೀಯವನ್ನು ಮಧು ಎಂದು ಕರೆದು, ಅದು ಹುಟ್ಟಿದ ಪ್ರದೇಶಗಳ ಮೇಲೆ ಅದಕ್ಕೆ ಹೆಸರುಗಳುಂಟೆಂದು ಹೇಳುತ್ತದೆ. ಆಯುರ್ವೇದದ ಅಂಗಡಿಯಲ್ಲಿ ಇಂದಿಗೂ ದೊರೆಯುವ ದ್ರಾಕ್ಷಾರಿಷ್ಟದ ಆಧಾರವಸ್ತು ಒಣದ್ರಾಕ್ಷಿಯ ಕಷಾಯ. ಅದಕ್ಕೆ ಬೆಲ್ಲವನ್ನೂ ಏಲಕ್ಕಿ, ಹಿಪ್ಪಲಿ ಮೊದಲಾದವನ್ನೂ ಸೇರಿಸಿ ಮುಚ್ಚಿಟ್ಟು ಹುದುಗಿಸುತ್ತಾರೆ. ಅದರಲ್ಲಿ ತಾನಾಗಿ ಹುಟ್ಟುವ ಮದ್ಯಸಾರವಿರುತ್ತದೆ. ಅದು ಔಷಧವಾದ್ದರಿಂದ ವೈದ್ಯರು ಹೇಳಿದ ಅಳತೆಯಲ್ಲಿ ಮಾತ್ರ ಸಲ್ಲುತ್ತದೆ.

ರುಚಿಗೆ ಮಾತು

ಈಗ ಹೆಗ್ಗಹಿಯ ರುಚಿಗೆ ಬರೋಣ. ವೈನನ್ನು ಪರೀಕ್ಷಿಸುವವರು ಮೊದಲು ಬಣ್ಣ ನೋಡುತ್ತಾರೆ, ಬಳಿಕ ಮೂಸುತ್ತಾರೆ, ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ನುಂಗಿದ ಮೇಲೆ ಉಳಿಯುವುದನ್ನು ಗಮನಿಸುತ್ತಾರೆ. ಅಮರೋನೆಯ ಬಣ್ಣ ಹಳೆಯದಾದಂತೆ ದಾಳಿಂಬೆಯ ಕಾಳಿನ ಗಾಢ ಕೆಂಪಿಗೆ ತಿರುಗುತ್ತದೆ. ವಾಸನೆಯಲ್ಲಿ ಒಣಗಿದ ಚೆರ್ರಿ, ಒಣದ್ರಾಕ್ಷಿ, ಅಂಜೂರ, ಕೋಕೋ, ಮಸಾಲೆಗಳು ತೋರುತ್ತವೆಂದು ಬಲ್ಲವರು ಬರೆಯುತ್ತಾರೆ. ಇವೆಲ್ಲ ಸೇರಿದ, ಆ ವಸ್ತುವಿಗೇ ಸ್ವಂತವಾದ ಗಂಧಕ್ಕೆ ಕನ್ನಡದಲ್ಲಿ ಸೊಗಡು ಎಂಬ ಮಾತಿದೆ. ಧನುರ್ಮಾಸದ ಅವರೆಕಾಯಿಯನ್ನು ಮೂಸಿ ಕೊಳ್ಳುವ ನಮ್ಮವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಮದ್ಯಸಾರದ ತೀಕ್ಷ್ಣತೆ ಮೂಗಿಗೆ ಚುಚ್ಚಿದರೆ ಅದು ಘಾಟು. ಒಣಮೆಣಸಿನಕಾಯಿಯ ಒಗ್ಗರಣೆ ಅದನ್ನು ದಿನವೂ ಕಲಿಸುತ್ತದೆ.

ಬಾಯಲ್ಲಿ ಅದು ನೀರಿನಂತೆ ಹರಿಯದೆ ಮಂದವಾಗಿ ನಿಲ್ಲುತ್ತದೆ. ಮೊದಲು ಸಿಹಿಯ ಭ್ರಮೆ, ಬೆನ್ನಿಗೇ ತುಸು ಹುಳಿ. ಆಮೇಲೆ ನಾಲಗೆಯೂ ಒಸಡೂ ಒಣಗಿ ಹಿಡಿದಂತಾಗುವ ಒಂದು ಅನುಭವ. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ಶಾಸ್ತ್ರದ ದೊಡ್ಡ ಪದವನ್ನೇ ಹುಡುಕಬೇಕು. ನಮ್ಮಲ್ಲಿ ಮೂರಕ್ಷರದ ಮನೆಮಾತಿದೆ: ಒಗರು. ನೇರಳೆಹಣ್ಣು ತಿಂದ ಮಗುವೂ ಅಡಿಕೆ ಅಗಿದ ಅಜ್ಜಿಯೂ ಒಂದೇ ಮಾತಿನಲ್ಲಿ ಇದನ್ನು ಹೇಳುತ್ತಾರೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರುಚಿಗಳನ್ನು ಎಣಿಸಿದ ಪರಂಪರೆ ನಮ್ಮದು. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಎಂಬ ವಸ್ತು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಳೆಯುವುದೇ ಒಗರಿನ ಕಾರಣ. ಅದು ನಾಲಗೆಯ ರುಚಿ ಎನ್ನುವುದಕ್ಕಿಂತ ಸ್ಪರ್ಶ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿಗಿಡದ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದುದೂ ಅದರಲ್ಲಿನ ಟ್ಯಾನಿನ್‌ನ ಬಲದಿಂದಲೇ.

ಕೊನೆಗೆ ಉಳಿಯುವುದು ಕಹಿ, ಅದೂ ನಿಧಾನವಾಗಿ. ನಮ್ಮ ಕಾವ್ಯಮೀಮಾಂಸೆಯಲ್ಲಿ ಬಾಯಿಗಿಟ್ಟೊಡನೆ ಸವಿಯಾಗುವ ಕವಿತೆಗೆ ದ್ರಾಕ್ಷಾಪಾಕವೆಂದೂ, ಚಿಪ್ಪೊಡೆದ ಮೇಲಷ್ಟೇ ಸವಿ ಕೊಡುವುದಕ್ಕೆ ನಾರಿಕೇಳಪಾಕವೆಂದೂ ಹೆಸರು. ಹೆಗ್ಗಹಿ ಹುಟ್ಟಿದ್ದು ದ್ರಾಕ್ಷಿಯಿಂದ. ರುಚಿ ಬಿಟ್ಟುಕೊಡುವುದು ಮಾತ್ರ ತೆಂಗಿನಕಾಯಿಯ ರೀತಿಯಲ್ಲಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕುಡಿತದಿಂದ ನಲುಗಿದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ವೈನಿನ ಬೆಲೆಯೂ ಹೆಸರೂ ಎಷ್ಟೇ ದೊಡ್ಡದಿರಲಿ, ಮದ್ಯಸಾರ ಮದ್ಯಸಾರವೇ.

ಆದರೆ ರುಚಿ ನೋಡುವ ಕಲೆಗೆ ಮದ್ಯ ಬೇಕಿಲ್ಲ. ಒಂದು ಭಾನುವಾರ ತಟ್ಟೆಯಲ್ಲಿ ನಾಲ್ಕು ವಸ್ತುಗಳನ್ನಿಡಿ: ಹಸಿ ದ್ರಾಕ್ಷಿ, ಹಳದಿ ಒಣದ್ರಾಕ್ಷಿ, ಬೀಜವಿರುವ ಕಪ್ಪು ಒಣದ್ರಾಕ್ಷಿ, ಒಂದು ನೆಲ್ಲಿಕಾಯಿ. ಮಕ್ಕಳು ಒಂದೊಂದನ್ನೂ ಮೊದಲು ಮೂಸಲಿ, ಬಳಿಕ ಅಗಿದು ನಿಧಾನವಾಗಿ ನುಂಗಲಿ. ಕಪ್ಪು ಒಣದ್ರಾಕ್ಷಿಯ ಬೀಜವನ್ನು ಕಚ್ಚಿದಾಗ ಏನಾಯಿತು, ನೆಲ್ಲಿಕಾಯಿಯ ಮೇಲೆ ನೀರು ಕುಡಿದಾಗ ಏನು ಬದಲಾಯಿತು ಎಂದು ಕೇಳಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಎರಡು ಮಾತುಗಳಿಗೆ ಮಾತ್ರ ಅಂದು ರಜೆ. ಉಳಿದ ಮಾತುಗಳನ್ನು ಅವರು ಅಜ್ಜಿಯಿಂದಲೋ ಅಡುಗೆಮನೆಯಿಂದಲೋ ತರಲಿ, ಸಾಲದಿದ್ದರೆ ಹೆಮ್ಮರದ ಸೂತ್ರ ಹಿಡಿದು ತಾವೇ ಕಟ್ಟಲಿ. ಸಿಕ್ಕಿದ್ದನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಡಲಿ.