ಗೋಡೆ ಬಿದ್ದ ಮೇಲೆ ಮನೆ

ಒಂದು ರಾಜ್ಯವು ಅಳಿದಾಗ ಅದರ ಸೈನ್ಯವೂ ನಾಣ್ಯವೂ ಏನಾದವೆಂಬುದನ್ನು ಇತಿಹಾಸಕಾರರು ತಪ್ಪದೆ ಬರೆದಿಡುವರು; ಅದರ ಮನೆಗಳು ಏನಾದವೆಂದು ವಿಚಾರಿಸುವವರು ವಿರಳ. ೧೯೮೯ನೆಯ ನವೆಂಬರ್ ೯ರ ರಾತ್ರಿ ಬರ್ಲಿನ್ ಗೋಡೆಯ ದ್ವಾರಗಳು ತೆರೆದುವು. ೧೯೬೧ರಿಂದ ಅಣ್ಣತಮ್ಮಂದಿರನ್ನೂ ತಾಯಿಮಕ್ಕಳನ್ನೂ ಅಗಲಿಸಿದ್ದ ಆ ಗೋಡೆ ಬಿದ್ದುದು ಶುಭವೇ ಸರಿ. ಅದರಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಆದರೆ ಆ ಸಂಭ್ರಮದ ಮರುದಿನದಿಂದ ಪೂರ್ವ ಜರ್ಮನಿಯ ಸಾಮಾನ್ಯ ಕುಟುಂಬವು ಕಂಡುಂಡುದನ್ನು ನಮ್ಮ ವಾಚಕರು, ಅವರಲ್ಲಿಯೂ ಆಡಳಿತದ ಹೊಣೆ ಹೊತ್ತವರು, ಮನಸ್ಸಿಟ್ಟು ಪರ್ಯಾಲೋಚಿಸುವುದು ಯುಕ್ತವೆಂದು ನಾವು ಭಾವಿಸುವೆವು.

ಅಲ್ಲಿಯ ಸಾಮ್ಯವಾದಿ ಸರಕಾರವು ಮನೆಯೊಳಗೆ ಎರಡು ವೇಷಗಳಲ್ಲಿ ಪ್ರವೇಶಿಸಿದ್ದಿತು. ಮೊದಲನೆಯದು ಪೋಷಕನ ವೇಷ. ೧೯೭೨ರಿಂದ ತರುಣ ದಂಪತಿಗಳಿಗೆ ಬಡ್ಡಿಯಿಲ್ಲದೆ ೫,೦೦೦ ಮಾರ್ಕುಗಳ ಸಾಲ ದೊರೆಯುತ್ತಿದ್ದಿತು. ಮೊದಲ ಮಗು ಹುಟ್ಟಿದರೆ ಅದರಲ್ಲಿ ೧,೦೦೦, ಎರಡನೆಯದಕ್ಕೆ ೧,೫೦೦, ಮೂರನೆಯದಕ್ಕೆ ಉಳಿದುದೆಲ್ಲವೂ ಮನ್ನಾ. ೧೯೮೬ರಿಂದ ಮೊದಲ ಹೆರಿಗೆಯ ತಾಯಿಗೂ ಭತ್ಯಸಹಿತವಾಗಿ ಒಂದು ವರ್ಷದ ರಜೆ ಬಂದಿತು. ವ್ಯಾಸಂಗದಲ್ಲಿದ್ದವರನ್ನೂ ಸೇರಿಸಿದರೆ ಹೆಂಗಸರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಉದ್ಯೋಗಸ್ಥರಾಗಿದ್ದರು. ಎರಡನೆಯದು ಗೂಢಚಾರನ ವೇಷ. ‘ಸ್ಟಾಸಿ’ ಎಂಬ ರಾಜ್ಯಭದ್ರತಾ ಇಲಾಖೆಗೆ ೧೯೮೯ರಲ್ಲಿ ಸುಮಾರು ೯೧,೦೦೦ ನೌಕರರೂ, ಅವರಲ್ಲದೆ ಲಕ್ಷಕ್ಕೂ ಮಿಕ್ಕ ಗುಪ್ತ ವರದಿಗಾರರೂ ಇದ್ದರು. ಅದು ಉಳಿಸಿಹೋದ ಕಡತಗಳ ಸಾಲು ೧೧೧ ಕಿಲೋಮೀಟರು! ತೊಟ್ಟಿಲನ್ನು ತೂಗಿದ ಕೈಯೇ ಕಡತವನ್ನೂ ಬರೆಯುತ್ತಿದ್ದಿತು.

೧೯೯೧ರ ಕೊನೆಯಲ್ಲಾದ ಕಾನೂನಿನಂತೆ ೧೯೯೨ರ ಜನವರಿಯಿಂದ ಪ್ರಜೆಗಳು ತಮ್ಮ ತಮ್ಮ ಕಡತಗಳನ್ನು ಓದಬಹುದಾಯಿತು. ಹಳೆಯ ಸರಕಾರವನ್ನು ಎದುರಿಸಿ ಸೆರೆಮನೆ ಕಂಡಿದ್ದ ವೆರಾ ವೊಲೆನ್‌ಬರ್ಗರ್ ಎಂಬ ಮಹಿಳೆಗೆ, ತನ್ನ ವಿಷಯವಾಗಿ ‘ಡೊನಾಲ್ಡ್’ ಎಂಬ ಗುಪ್ತನಾಮದಿಂದ ವರದಿಯೊಪ್ಪಿಸಿದವನು ತನ್ನ ಪತಿ ಕ್ನೂಡನೇ ಎಂಬುದು ಆಗ ತಿಳಿದುಬಂದಿತು. ವಿವಾಹವು ಮುರಿಯಿತು. ಮುಂದೆ ಆತನು ಪತ್ರ ಬರೆದು ಕ್ಷಮೆ ಬೇಡಿದನು, ಆಕೆ ಕ್ಷಮಿಸಿದಳು. ಇಂತಹ ಕಡತಗಳನ್ನು ಸುಟ್ಟುಬಿಟ್ಟಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದುವೆಂದು ವಾದಿಸುವವರುಂಟು. ನಮಗೆ ಈ ವಾದವು ಒಪ್ಪಿಗೆಯಾಗಲಾರದು. ದ್ರೋಹಿ ಯಾರೆಂದು ತಿಳಿಯದಿದ್ದಲ್ಲಿ ನಿರ್ದೋಷಿಯಾದ ನೆರೆಯವನ ಮೇಲೂ ಸಂಶಯ ತಪ್ಪದು. ತಿಳಿಯದ ತಪ್ಪನ್ನು ಕ್ಷಮಿಸುವ ಬಗೆಯಾದರೂ ಎಂತು?

ಇನ್ನು ಹೊಟ್ಟೆಯ ಮಾತು. ೧೯೯೦ನೆಯ ಜುಲೈ ೧ರಂದು ಪಶ್ಚಿಮದ ಮಾರ್ಕು ಪೂರ್ವದಲ್ಲಿ ಚಲಾವಣೆಗೆ ಬಂದಿತು. ಸಂಬಳ, ಪಿಂಚಣಿಗಳು ಒಂದಕ್ಕೊಂದರಂತೆ ಬದಲಾದುವು, ಅಂಗಡಿಗಳು ತುಂಬಿದುವು. ಆದರೆ ಪೂರ್ವದ ಕಾರ್ಖಾನೆಗಳ ಸರಕನ್ನು ಕೇಳುವವರಿಲ್ಲವಾದರು. ಅವುಗಳ ವಿಲೇವಾರಿಗೆಂದು ನಿಂತ ‘ಟ್ರಾಯ್‌ಹಾಂಡ್’ ಸಂಸ್ಥೆಯ ಕೈಗೆ ೧೯೯೦ರಲ್ಲಿ ಸುಮಾರು ೮,೫೦೦ ಉದ್ಯಮಗಳೂ ೪೦ ಲಕ್ಷ ಕೆಲಸಗಾರರೂ ಸೇರಿದ್ದರು. ೧೯೯೪ರ ಕೊನೆಗೆ ಅದರ ಕೆಲಸ ಮುಗಿಯುವಷ್ಟರಲ್ಲಿ ಹೆಚ್ಚಿನವು ಮಾರಾಟವಾಗಿದ್ದುವು, ಇಲ್ಲವೆ ಮುಚ್ಚಿದ್ದುವು. ಅಲ್ಲಿ ಕಾರ್ಖಾನೆಯೆಂದರೆ ಕೂಲಿಯ ತಾಣ ಮಾತ್ರವಲ್ಲ. ಊಟದ ಮನೆ, ಶಿಶುವಿಹಾರ, ಚಿಕಿತ್ಸಾಲಯ, ರಜೆಯ ವಿಹಾರ, ಎಲ್ಲವೂ ಅದಕ್ಕೆ ಅಂಟಿಕೊಂಡಿದ್ದುವು. ಅದರ ಬಾಗಿಲು ಮುಚ್ಚಿದಾಗ ಒಂದು ಬೀದಿಯ ಬಾಳೇ ಬರಿದಾಯಿತು. ೧೯೮೯ರಲ್ಲಿ ಸುಮಾರು ೧,೯೯,೦೦೦ ಶಿಶುಗಳು ಜನಿಸಿದ ಆ ನಾಡಿನಲ್ಲಿ ೧೯೯೪ರಲ್ಲಿ ಜನಿಸಿದವು ಸುಮಾರು ೭೯,೦೦೦ ಮಾತ್ರ. ಯಾವ ಕಾನೂನೂ ಇದನ್ನು ವಿಧಿಸಲಿಲ್ಲ. ನಾಳೆಯ ಭರವಸೆಯಿಲ್ಲದ ದಂಪತಿಗಳು ತಾವಾಗಿಯೇ ತೊಟ್ಟಿಲನ್ನು ಅಟ್ಟಕ್ಕೇರಿಸಿದರು. ೧೯೯೧ರಿಂದ ೨೦೧೭ರವರೆಗೆ ಸುಮಾರು ೩೭ ಲಕ್ಷ ಜನರು ಪಶ್ಚಿಮಕ್ಕೆ ಹೋದರು. ಅತ್ತಣಿಂದ ಬಂದವರು ೨೫ ಲಕ್ಷ. ಹೋದವರಲ್ಲಿ ತರುಣಿಯರು ಬಹಳ. ಹಳ್ಳಿಗಳಲ್ಲಿ ಮುದುಕರೇ ಮನೆ ಕಾಯುವಂತಾಯಿತು.

ಹಳೆಯ ಕಾಲವೇ ಲೇಸೆಂದು ಕೆಲವು ವೃದ್ಧರು ಹೇಳುವುದನ್ನು ಕೇಳಿ ನಗುವವರಿದ್ದಾರೆ. ಅವರಲ್ಲಿ ಬಹುಮಂದಿ ಬಯಸುವುದು ಗೋಡೆಯನ್ನಲ್ಲ, ತಮಗಿದ್ದ ನೆಲೆಯನ್ನು ಎಂದು ನಮ್ಮ ನಂಬಿಕೆ. ಪೂರ್ವಪಶ್ಚಿಮಗಳ ಪಿಂಚಣಿಯ ಲೆಕ್ಕವು ಸರಿಸಮವಾದುದು ೨೦೨೩ರ ಜುಲೈಯಲ್ಲಿ. ಐಕ್ಯವಾಗಿ ಮೂವತ್ತೆರಡು ವರ್ಷಗಳು ಕಳೆದ ಬಳಿಕ. ನಾಣ್ಯವನ್ನು ಒಂದು ದಿನದಲ್ಲಿ ಬದಲಾಯಿಸಬಹುದು. ಬಾಳನ್ನು ಹಾಗೆ ಬದಲಾಯಿಸಲಾಗದು.

ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಿ ಅನ್ನದೊಡನೆ ತೂಗುವುದು ನಮ್ಮ ಉದ್ದೇಶವಲ್ಲ. ಭಯವನ್ನು ತೆಗೆದುಹಾಕುವ ಸರಕಾರವು ಅದರೊಡನೆ ಶಿಶುವಿಹಾರವನ್ನೂ ತೆಗೆದುಹಾಕಬೇಕೆಂಬ ನಿಯಮವೇನೂ ಇಲ್ಲವೆಂಬುದಷ್ಟೇ ನಮ್ಮ ವಿಜ್ಞಾಪನೆ. ಯಾವುದೇ ದೇಶದಲ್ಲಿ ದೊಡ್ಡ ಸುಧಾರಣೆಯ ಕಾಗದಕ್ಕೆ ರುಜು ಹಾಕುವ ಅಧಿಕಾರಿಯು ಲೇಖಣಿಯೆತ್ತುವ ಮುನ್ನ, ನಾಳೆ ಬೆಳಗ್ಗೆ ಕೆಲಸಕ್ಕೆ ಹೊರಡುವ ತಾಯಿಯು ತನ್ನ ಕೂಸನ್ನು ಯಾರ ಕೈಗೆ ಒಪ್ಪಿಸಿ ಹೋಗುವಳೆಂದು ಒಮ್ಮೆ ವಿಚಾರಿಸಿಕೊಳ್ಳತಕ್ಕದ್ದು.